ಹೆಸರು ಹಚ್ಚುವಾಗ ರೋಗದ ಹೆಸರೂ ಬರೆಯಬೇಕಾ?

2025ರ ನವೆಂಬರ್ ಒಂದೇ ತಿಂಗಳಲ್ಲಿ ನಾಲ್ಕು ಸಂಗತಿ ಒಟ್ಟೊಟ್ಟಿಗೆ ಬಂದವು. 1ನೇ ತಾರೀಕಿನಿಂದ ಪಿಎಫ್ ಸಂಸ್ಥೆ, ಇಷ್ಟು ದಿನ ಹೊರಗೇ ಉಳಿದಿದ್ದ ನೌಕರರ ಹೆಸರು ಹಚ್ಚುವ ಅಭಿಯಾನ ಶುರು ಮಾಡಿತು. 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಕೇಂದ್ರ ಸರ್ಕಾರ ಹೇಳಿತು. ರಾಜ್ಯ ಸರ್ಕಾರ ಋತುಚಕ್ರ ರಜೆಯ ಆದೇಶ ಹೊರಡಿಸಿತು. ಇವುಗಳ ನಡುವೆಯೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ನಿಯಮಗಳೂ ಪ್ರಕಟವಾದವು.

ಮೊದಲ ಮೂರು, ನೌಕರರಿಗೆ ಸೌಲಭ್ಯ ಕೊಡುವ ಮಾತು. ನಾಲ್ಕನೆಯದು, ಅವರ ವಿವರ ಕಾಪಾಡುವ ಮಾತು. ಸೌಲಭ್ಯ ಬೇಕು ಅಂದರೆ ಫಾರ್ಮ್ ತುಂಬಬೇಕು. ಫಾರ್ಮ್ ತುಂಬಿದರೆ ಮನೆಯ ಸಂಗತಿ, ಮೈಯ ಸಂಗತಿ ಹೊರಗೆ ಹೋಗುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದವರೆಗೆ, ಪಗಾರಕ್ಕೆ ದುಡಿಯುವ ಯಾರಿಗಾದರೂ ಏಳುವ ಪ್ರಶ್ನೆ ಇದು: ಯಾವುದನ್ನು ಕೊಡಲೇಬೇಕು? ಯಾವುದನ್ನು ಕೊಡದಿದ್ದರೂ ನಡೆಯುತ್ತದೆ? ಕೊಟ್ಟದ್ದು ಯಾರ ಕೈಗೆ ಹೋಗುತ್ತದೆ?

ಒಂದೇ ಹಾಳೆ, ಮೂವರ ಪ್ರಶ್ನೆ

ತಾರಿಹಾಳದಲ್ಲಿ ಒಂದು ಮಧ್ಯಮ ಗಾತ್ರದ ಘಟಕ ಇದೆ ಅಂದುಕೊಳ್ಳಿ. 60 ಜನ ಕೆಲಸಕ್ಕಿದ್ದಾರೆ. ಅಕೌಂಟ್ಸ್ ನೋಡುವವರು ಒಂದು ಎಕ್ಸೆಲ್ ಹಾಳೆ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಸಂಜೆಯೊಳಗೆ ಎಲ್ಲರೂ ತುಂಬಿ ಕಳಿಸಿ ಅನ್ನುತ್ತಾರೆ. ಹಾಳೆಯಲ್ಲಿ ಏಳು ಕಾಲಂ. ಮೊದಲನೆಯದರಲ್ಲಿ ಹೆಸರು ಮತ್ತು ಹುಟ್ಟಿದ ದಿನ. ಆಮೇಲೆ ಆಧಾರ್ ನಂಬರ್, ಬ್ಯಾಂಕ್ ಖಾತೆ, ಮದುವೆ ಆಗಿದೆಯೋ ಇಲ್ಲವೋ, ನಾಮಿನಿ ಯಾರು. ಆರನೆಯದರಲ್ಲಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ-ತಾಯಿಯ ವಿವರ. ಏಳನೆಯದು: ಮೊದಲೇ ಇರುವ ಕಾಯಿಲೆ.

ಮೊದಲು ತುಂಬಿದವರ ಶುಗರ್, ಬಿಪಿ ಎರಡನೆಯವರಿಗೆ ಕಾಣುತ್ತದೆ. ಹತ್ತನೆಯವರು ತುಂಬುವ ಹೊತ್ತಿಗೆ ಒಂಬತ್ತು ಮನೆಯ ಸಂಗತಿ ಅವರ ಮೊಬೈಲಿನಲ್ಲಿ ಕೂತಿರುತ್ತದೆ. ಯಾರಿಗೆ ಹಿಂದೆ ಟಿಬಿ ಆಗಿತ್ತು, ಯಾರ ನಾಮಿನಿ ಗಂಡನಲ್ಲ ಅಣ್ಣ, ಯಾರ ಮಗುವಿಗೆ ಫಿಟ್ಸ್ ಬರುತ್ತದೆ, ಎಲ್ಲ. ದೊಡ್ಡ ಊರಲ್ಲಿ ಪಕ್ಕದ ಕುರ್ಚಿಯವರು ಸಂಜೆ ಎಲ್ಲೋ ಹೋಗಿಬಿಡುತ್ತಾರೆ. ನಮ್ಮ ಕಡೆ ಹಾಗಲ್ಲ. ಪಕ್ಕದ ಮಶೀನಿನವರು ಎಷ್ಟೋ ಸಲ ಅದೇ ಓಣಿಯವರು, ಇಲ್ಲವೇ ಬೀಗರ ಪೈಕಿಯವರು. ಫ್ಯಾಕ್ಟರಿಯಲ್ಲಿ ಬರೆದದ್ದು ವಧು-ವರ ನೋಡುವ ಮಾತುಕತೆಯವರೆಗೂ ಹೋಗಬಲ್ಲದು.

ಗೊಂದಲದ ಬೇರು ಈ ಹಾಳೆಯಲ್ಲೇ ಇದೆ. ಇದರಲ್ಲಿ ಪ್ರಶ್ನೆ ಕೇಳುತ್ತಿರುವವರು ಮೂವರು. ಒಬ್ಬರು ಪಿಎಫ್, ಕಾರ್ಮಿಕರ ಆರೋಗ್ಯ ವಿಮೆ ನೋಡುವ ಇಎಸ್‌ಐನಂಥ ಸರ್ಕಾರಿ ಸಂಸ್ಥೆಗಳು. ಇನ್ನೊಬ್ಬರು ನೌಕರರೆಲ್ಲರಿಗೂ ಸೇರಿಸಿ ಗುಂಪು ಆರೋಗ್ಯ ವಿಮೆ ಕೊಡುವ ಖಾಸಗಿ ಕಂಪನಿ. ಮತ್ತೊಬ್ಬರು ಮಾಲೀಕರು. ಮೂವರಿಗೆ ಬೇಕಾದದ್ದು ಬೇರೆ ಬೇರೆ. ಕೆಲಸ ಸುಲಭ ಆಗಲಿ ಅಂತ ಎಲ್ಲವನ್ನೂ ಒಂದೇ ಹಾಳೆಗೆ ಸೇರಿಸಿದಾಗ, ಒಬ್ಬರಿಗೆ ಹೇಳಬೇಕಾದದ್ದು ಮೂವರಿಗೂ ತಿಳಿಯುತ್ತದೆ. ಹಾಗಾಗಿ ಪ್ರತಿ ಕಾಲಂಗೂ ಒಂದು ಪ್ರಶ್ನೆ ಹಾಕಬೇಕು: ಇದು ಯಾರಿಗೆ ಬೇಕು?

ಪಿಎಫ್‌ಗೆ ಮದುವೆಯ ವಿವರ ಯಾಕೆ?

ಪಿಎಫ್‌ನ ಫಾರ್ಮ್ 11ರಲ್ಲಿ ಹುಟ್ಟಿದ ದಿನ, ತಂದೆ ಅಥವಾ ಗಂಡನ ಹೆಸರು, ಮದುವೆಯ ವಿವರ, ಮೊಬೈಲ್, ಬ್ಯಾಂಕ್ ಖಾತೆ, ಆಧಾರ್ ಕೇಳುತ್ತಾರೆ. ಮದುವೆಯ ಪ್ರಶ್ನೆ ಸುಮ್ನೆ ಬಂದದ್ದಲ್ಲ. ಕುಟುಂಬ ಇರುವವರು ಕುಟುಂಬದವರನ್ನೇ ನಾಮಿನಿ ಮಾಡಬೇಕು ಅನ್ನುವುದು ಪಿಎಫ್ ನಿಯಮ. ಮದುವೆಗೆ ಮುಂಚೆ ಬೇರೆಯವರ ಹೆಸರು ಕೊಟ್ಟಿದ್ದರೆ ಮದುವೆಯ ನಂತರ ಅದು ನಡೆಯುವುದಿಲ್ಲ. ಹೊಸದಾಗಿ ಕೊಡಬೇಕು. ಇಲ್ಲದಿದ್ದರೆ ನೌಕರ ತೀರಿಕೊಂಡಾಗ ರೊಕ್ಕ ಯಾರಿಗೆ ಅನ್ನುವ ಜಗಳ ಹುಟ್ಟುತ್ತದೆ.

ಆಧಾರ್‌ಗೂ ಕಾನೂನಿನ ಬಲ ಇದೆ. ಆ ನಾಲ್ಕು ಸಂಹಿತೆಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆಯ 142ನೇ ಕಲಂ, ಸೌಲಭ್ಯಕ್ಕೆ ಹೆಸರು ಹಚ್ಚುವವರು ಆಧಾರ್ ಮೂಲಕ ಗುರುತು ತೋರಿಸಬೇಕು ಅನ್ನುತ್ತದೆ. ಈ ಒಂದು ಕಲಂ ಉಳಿದವುಗಳಿಗಿಂತ ಮೊದಲೇ, 2021ರ ಮೇನಲ್ಲೇ ಜಾರಿಗೆ ಬಂದಿತ್ತು. 2025ರ ಆಗಸ್ಟ್‌ನಿಂದ ಹೊಸ ಯುಎಎನ್ ನಂಬರಿಗೆ (ಪಿಎಫ್ ಸದಸ್ಯರ ಗುರುತಿನ ನಂಬರ್) ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಗುರುತು ಖಚಿತಪಡಿಸುವ ಕ್ರಮವೂ ಬಂದಿದೆ. ಅಂದರೆ ಪಿಎಫ್‌ಗೆ ಆಧಾರ್ ಕೊಡಲ್ಲ ಅನ್ನುವುದು ಈಗ ನಡೆಯುವ ಮಾತಲ್ಲ.

ಆದರೆ ಪಿಎಫ್ ಸಂಸ್ಥೆಗೆ ಬೇಕು ಅನ್ನುವುದು ಬೇರೆ, ನಡುವೆ ಇರುವ ಎಲ್ಲರಿಗೂ ಬೇಕು ಅನ್ನುವುದು ಬೇರೆ. ಗುತ್ತಿಗೆ ಕೆಲಸಗಾರರ ಕಾಗದ ಮೊದಲು ಗುತ್ತಿಗೆದಾರರ ಹತ್ತಿರ ಹೋಗುತ್ತದೆ. ಅಲ್ಲಿಂದ ಪಿಎಫ್ ಕೆಲಸ ನೋಡುವ ಕನ್ಸಲ್ಟೆಂಟ್ ಹತ್ತಿರ, ಕೆಲವು ಸಲ ಸೈಬರ್ ಸೆಂಟರ್‌ಗೆ. ಒಂದೊಂದು ಕಡೆಯೂ ಒಂದೊಂದು ಆಧಾರ್ ಜೆರಾಕ್ಸ್ ಉಳಿಯುತ್ತದೆ. ಇನ್ನೂ ಕೆಟ್ಟ ಸಂಗತಿ ಅಂದರೆ, ಯುಎಎನ್‌ಗೆ ನೌಕರರ ಮೊಬೈಲ್ ಬದಲು ನಡುವಿನವರ ಮೊಬೈಲ್ ಜೋಡಿಸುವುದು. ಆಗ ಒಟಿಪಿ ಅವರಿಗೆ ಬರುತ್ತದೆ. ಪಾಸ್‌ಬುಕ್ ಅವರಿಗೆ ಕಾಣುತ್ತದೆ. ದುಡಿದವರಿಗೆ ತಮ್ಮದೇ ಖಾತೆ ತೆರೆಯಲು ಇನ್ನೊಬ್ಬರನ್ನು ಕೇಳುವ ಗತಿ.

ಇದಕ್ಕೆ ದಾರಿ ಆಗಲೇ ಇದೆ. ನಾಮಿನಿ ವಿವರವನ್ನು ಪಿಎಫ್ ಪೋರ್ಟಲ್‌ನಲ್ಲಿ ನೌಕರರೇ ನೇರವಾಗಿ ತುಂಬಬಹುದು. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕಿಲ್ಲ. ಅಂದರೆ ಆ ಎಕ್ಸೆಲ್ ಹಾಳೆಯ ಐದನೆಯ ಕಾಲಂ ಕಂಪನಿಯ ಮೂಲಕ ಹಾದು ಹೋಗಬೇಕಾಗಿಯೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ಮಂಡಳಿ ಇನ್ನೊಂದು ಒಳ್ಳೆಯ ನಿರ್ಧಾರ ಮಾಡಿತು. ಹಣ ತೆಗೆಯಲು ಇದ್ದ 13 ಬಗೆಯ ಕಾರಣಗಳನ್ನು ಮೂರಕ್ಕೆ ಇಳಿಸಿತು. ಅದರಲ್ಲಿ ವಿಶೇಷ ಸಂದರ್ಭ ಅನ್ನುವ ಬಗೆಯಲ್ಲಿ ಕಾರಣ ಹೇಳುವುದೇ ಬೇಡ ಎಂದಿತು. ಕಾರಣ ಕೇಳದೆಯೂ ಸೌಲಭ್ಯ ಕೊಡಬಹುದು ಅನ್ನುವುದಕ್ಕೆ ಇದು ಸರ್ಕಾರದ್ದೇ ಉದಾಹರಣೆ.

ಇಎಸ್‌ಐ ಕಾಯಿಲೆ ಕೇಳುವುದಿಲ್ಲ, ವಿಮೆ ಯಾಕೆ ಕೇಳುತ್ತದೆ?

ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಅದಕ್ಕಿಂತ ಜಾಸ್ತಿ ಇರುವವರಿಗೆ ಕಂಪನಿ ಮನಸ್ಸು ಮಾಡಿದರೆ ಗುಂಪು ವಿಮೆ. ಹೀಗಾಗಿ ಒಂದೇ ಶೆಡ್ಡಿನಲ್ಲಿ, ಒಂದೇ ಶಿಫ್ಟಿನಲ್ಲಿ ಇರುವ ಇಬ್ಬರಿಗೆ ಎರಡು ಬಗೆಯ ಫಾರ್ಮ್ ಬರುತ್ತದೆ.

20,000 ಪಗಾರದ ಆಪರೇಟರ್ ಇಎಸ್‌ಐಗೆ ಹೆಸರು ಹಚ್ಚುವಾಗ ಕುಟುಂಬದವರ ವಿವರ ಕೊಡುತ್ತಾರೆ. ಕಾಯಿಲೆ ಏನಿದೆ ಎಂದು ಆ ಫಾರ್ಮ್ ಕೇಳುವುದಿಲ್ಲ. 28,000 ಪಗಾರದ ಸೂಪರ್‌ವೈಸರ್ ಗುಂಪು ವಿಮೆಗೆ ಹೆಸರು ಹಚ್ಚುವಾಗ ಏಳನೆಯ ಕಾಲಂ ಎದುರಾಗುತ್ತದೆ. ಜಾಸ್ತಿ ಪಗಾರದವರೇ ಜಾಸ್ತಿ ಬಿಚ್ಚಿಡಬೇಕು.

ಯಾಕೆ ಹೀಗೆ? ಲೆಕ್ಕ ನೋಡಿ. ಇಎಸ್‌ಐಗೆ ನೌಕರರು ಪಗಾರದ ಶೇ 0.75, ಮಾಲೀಕರು ಶೇ 3.25 ಕಟ್ಟುತ್ತಾರೆ. 20,000ಕ್ಕೆ ನೌಕರರದು 150 ರೂಪಾಯಿ, ಮಾಲೀಕರದು 650. ಆ ನೌಕರರಿಗೆ ನೆಗಡಿ ಬರಲಿ, ಕ್ಯಾನ್ಸರ್ ಬರಲಿ, ಮಾಲೀಕರು ಕಟ್ಟುವುದು ಅದೇ 650. ಯಾರಿಗೆ ಏನು ಕಾಯಿಲೆ ಅಂತ ತಿಳಿದು ಅವರಿಗೆ ಆಗಬೇಕಾದ್ದು ಏನೂ ಇಲ್ಲ.

ಗುಂಪು ವಿಮೆಯ ಲೆಕ್ಕ ಬೇರೆ. ಉದಾಹರಣೆಗೆ ಕಂಪನಿ ವರ್ಷಕ್ಕೆ 6 ಲಕ್ಷ ಪ್ರೀಮಿಯಂ ಕಟ್ಟಿದೆ ಅಂದುಕೊಳ್ಳಿ. ಆ ವರ್ಷ ನೌಕರರ ದವಾಖಾನೆ ಖರ್ಚಿಗೆ ವಿಮಾ ಕಂಪನಿ 5.4 ಲಕ್ಷ ಕೊಟ್ಟಿದೆ. ಕ್ಲೇಮ್ ಪ್ರಮಾಣ ಶೇ 90 ಆಯಿತು. ಮುಂದಿನ ವರ್ಷ ನವೀಕರಣಕ್ಕೆ ಹೋದಾಗ ವಿಮಾ ಕಂಪನಿ ಪ್ರೀಮಿಯಂ ಏರಿಸುತ್ತದೆ. ಮಾಲೀಕರು ಕೇಳುವ ಮೊದಲ ಪ್ರಶ್ನೆ: ಇಷ್ಟು ಖರ್ಚು ಯಾರದು?

ಇಲ್ಲೇ ಅಪಾಯ ಶುರುವಾಗುವುದು. ಕ್ಲೇಮ್ ನೋಡಿಕೊಳ್ಳುವ ಮಧ್ಯವರ್ತಿ ಸಂಸ್ಥೆಗೆ ಟಿಪಿಎ ಅನ್ನುತ್ತಾರೆ. ಅದು ಕಂಪನಿಗೆ ಕ್ಲೇಮ್ ವರದಿ ಕಳಿಸುವುದು ರೂಢಿ. ವರದಿಯಲ್ಲಿ ಹೆಸರು ಮತ್ತು ಕಾಯಿಲೆ ಇದ್ದರೆ ಮುಗಿಯಿತು. ಹೆಸರು ತೆಗೆದರೂ 60 ಜನರ ಘಟಕದಲ್ಲಿ ಮುಚ್ಚಿಡುವುದು ಕಷ್ಟ. "ಡಯಾಲಿಸಿಸ್, 3 ಲಕ್ಷ" ಅಂತ ಒಂದು ಸಾಲು ಸಾಕು. ವಾರಕ್ಕೆ ಎರಡು ಸಲ ಅರ್ಧ ದಿನ ರಜೆ ಹಾಕುವವರು ಯಾರು ಎಂದು ಎಲ್ಲರಿಗೂ ಗೊತ್ತು ಅಲ್ವಾ? ಅಲ್ಲಿಂದ ಮುಂದೆ ಯಾರೂ ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಬಡ್ತಿಯ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಗುತ್ತಿಗೆ ಮುಂದುವರಿಯುವುದಿಲ್ಲ. ಕಾರಣ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ಸಾಬೀತು ಮಾಡುವುದು ಹೇಗೆ?

ಇದರ ಪರಿಣಾಮ ವಿಮೆಯ ಮೇಲೂ ಆಗುತ್ತದೆ. ತಿಳಿದುಬಿಡುತ್ತದೆ ಎಂಬ ಹೆದರಿಕೆಗೆ ಜನ ಕ್ಲೇಮ್ ಮಾಡುವುದನ್ನೇ ಬಿಡುತ್ತಾರೆ. ಮಾನಸಿಕ ಕಾಯಿಲೆ, ಬಂಜೆತನದ ಚಿಕಿತ್ಸೆ, ಗರ್ಭಪಾತ, ಟಿಬಿ ಇಂಥವುಗಳಲ್ಲಿ ಹೆದರಿಕೆ ಇನ್ನೂ ಜಾಸ್ತಿ. ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಸೌಲಭ್ಯ ಪುಸ್ತಕದಲ್ಲಿದೆ. ಆದರೆ ಬಿಲ್ ಆಫೀಸಿನ ಮೇಜಿನ ಮೇಲೆ ಹಾದು ಹೋಗುತ್ತದೆ ಅಂದರೆ, ಎಷ್ಟೋ ಜನ ಕೈಯಿಂದ ರೊಕ್ಕ ಕೊಟ್ಟು ಸುಮ್ಮನಾಗುತ್ತಾರೆ.

ಒಪ್ಪಿಗೆ ಇಲ್ಲದೆಯೂ ಕೇಳಬಹುದಾ?

ಈಗ ಕಾನೂನಿಗೆ ಬರೋಣ. ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ. ಹೊಸ ದತ್ತಾಂಶ ಕಾಯ್ದೆ ಬಂದಿದೆ, ಇನ್ನು ನಮ್ಮ ಒಪ್ಪಿಗೆ ಇಲ್ಲದೆ ಏನನ್ನೂ ಕೇಳುವಂತಿಲ್ಲ ಅನ್ನುವ ನಂಬಿಕೆ ಹರಡಿದೆ. ನೌಕರರ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಂನಲ್ಲಿ, ಒಪ್ಪಿಗೆ ಇಲ್ಲದೆಯೂ ವಿವರ ಬಳಸಬಹುದಾದ ಸಂದರ್ಭಗಳ ಪಟ್ಟಿ ಇದೆ. ಉದ್ಯೋಗ ಅದರಲ್ಲಿ ಒಂದು. ನೌಕರರು ಕೇಳಿದ ಸೌಲಭ್ಯ ಕೊಡುವುದಕ್ಕೆ ಅಂತಲೂ ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಸೌಲಭ್ಯಕ್ಕೆ ಬೇಕಾದ ವಿವರಕ್ಕೆ ಮಾಲೀಕರು ಪ್ರತ್ಯೇಕ ಒಪ್ಪಿಗೆ ಪತ್ರ ತೆಗೆದುಕೊಳ್ಳಬೇಕಿಲ್ಲ.

ಇದರಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನಿದೆ ತೋರಿಸಿ, ತಪ್ಪಿದ್ದರೆ ತಿದ್ದಿ, ಅಳಿಸಿ ಎಂದು ಕೇಳುವ ಹಕ್ಕು 11 ಮತ್ತು 12ನೇ ಕಲಂಗಳಲ್ಲಿದೆ. ಆ ಹಕ್ಕನ್ನು ಒಪ್ಪಿಗೆಯಿಂದ ಕೊಟ್ಟ ವಿವರಕ್ಕೆ ಜೋಡಿಸಿದ್ದಾರೆ. ಒಪ್ಪಿಗೆಯೇ ಬೇಡ ಅಂದ ಮೇಲೆ ಈ ಹಕ್ಕೂ ಸಡಿಲಾಗುತ್ತದೆ. ಪಗಾರ ಕೊಡುವವರ ಎದುರು ನಿಂತವರಿಗೇ ಈ ಹಕ್ಕು ಎಲ್ಲರಿಗಿಂತ ಜಾಸ್ತಿ ಬೇಕಿತ್ತು. ಕಾಯ್ದೆಯ ದೊಡ್ಡ ಕೊರತೆ ಇದು.

ಹಾಗಂತ ಕಾಯ್ದೆ ಕೈಕಟ್ಟಿ ಕೂತಿಲ್ಲ. ವಿವರ ಯಾವ ದಾರಿಯಿಂದ ಬಂದರೂ ಅದನ್ನು ಭದ್ರವಾಗಿ ಇಡುವ ಹೊಣೆ ಇಟ್ಟುಕೊಂಡವರದು. ಆ ಹೊಣೆ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ, ವಿವರ ಯಾರದೋ ಅವರಿಗೂ ತಿಳಿಸಬೇಕು. ದೂರು ಕೇಳುವ ವ್ಯವಸ್ಥೆ ಇರಬೇಕು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುವ ಹಾಳೆ ಭದ್ರವಾಗಿದೆ ಎಂದು ವಾದಿಸುವುದು ಯಾರಿಗೂ ಸುಲಭವಲ್ಲ.

ಇನ್ನೂ ಒಂದು ಸೂಕ್ಷ್ಮ ಇದೆ. 7ನೇ ಕಲಂನ ಆ ಮಾತು ನೌಕರರ ಬಗ್ಗೆ. ಹೆಂಡತಿ, ತಾಯಿ, ಮಗಳು ಆ ಕಂಪನಿಯ ನೌಕರರಲ್ಲ. ಅವ್ವನ ಮೊಣಕಾಲು ಆಪರೇಷನ್ನಿನ ವಿವರ ಅವ್ವನದು. ಮಗನ ಉದ್ಯೋಗದ ಹೆಸರಲ್ಲಿ ಅದನ್ನು ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳಬಹುದು ಅನ್ನುವುದು ದುರ್ಬಲ ವಾದ. 18 ವರ್ಷದೊಳಗಿನ ಮಕ್ಕಳ ವಿವರಕ್ಕೆ ತಂದೆ-ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು ಎಂದೂ ಕಾಯ್ದೆ ಹೇಳುತ್ತದೆ. ಆರನೆಯ ಕಾಲಂ ತುಂಬಿಸುವ ಕಂಪನಿಗಳು ಈ ಬಗ್ಗೆ ಈಗಲೇ ಯೋಚಿಸುವುದು ಒಳ್ಳೆಯದು.

ಈ ಹೊಣೆಗಳು ನಾಳೆ ಬೆಳಿಗ್ಗೆಯಿಂದಲೇ ಇಲ್ಲ. ನಿಯಮಗಳು ಪ್ರಕಟವಾಗಿ 18 ತಿಂಗಳಿಗೆ, ಅಂದರೆ 2027ರ ಮೇನಲ್ಲಿ, ಮುಖ್ಯ ಕಲಂಗಳು ಜಾರಿಯಾಗುವಂತೆ ದಿನ ಇಟ್ಟಿದ್ದಾರೆ. ಅಲ್ಲಿವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ಹಳೆಯ ನಿಯಮಗಳಿವೆ. ಅವುಗಳಲ್ಲಿ ಆರೋಗ್ಯ, ವೈದ್ಯಕೀಯ ದಾಖಲೆ, ಬ್ಯಾಂಕ್ ವಿವರ ಇವನ್ನೆಲ್ಲ ಸೂಕ್ಷ್ಮ ಮಾಹಿತಿ ಎಂದು ಬೇರೆ ಇಟ್ಟಿದ್ದಾರೆ. ಕಂಪನಿ ಅದನ್ನು ಪಡೆಯಲು ಬರಹದ ಒಪ್ಪಿಗೆ ಬೇಕು. ಹೊಸ ಕಾಯ್ದೆಯಲ್ಲಿ ಈ ಬೇರೆ ವರ್ಗವೇ ಇಲ್ಲ. ಶೂ ಸೈಜಿಗೂ ಎಚ್‌ಐವಿ ವರದಿಗೂ ಒಂದೇ ಹೆಸರು: ವೈಯಕ್ತಿಕ ದತ್ತಾಂಶ.

ಕಾಗದದ ರಿಜಿಸ್ಟರಿಗೆ ಹೊಸ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಕಳಿಸಿದ ಗಳಿಗೆಯಿಂದ ಅದು ಡಿಜಿಟಲ್ ಆಗುತ್ತದೆ.

ಇದೆಲ್ಲದರ ಹಿಂದೆ ಇರುವ ತೀರ್ಪು 2017ರ ಆಗಸ್ಟ್ 24ರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಅಲ್ಲಿ ಸಿಕ್ಕಿತು. ಅದನ್ನು ಫ್ಯಾಕ್ಟರಿಯ ಗೇಟಿನ ಒಳಗೆ ತರುವ ಕೆಲಸ ಕಾನೂನಿನದು. ಅದು ಅರ್ಧ ದಾರಿಯಲ್ಲಿದೆ.

ಮಾಲೀಕರ ಕಷ್ಟವೂ ಇದೆ

ಸಣ್ಣ ಘಟಕದ ಮಾಲೀಕರ ಮಾತನ್ನೂ ಕೇಳಬೇಕು. ಆಧಾರಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಇದ್ದರೆ ಪಿಎಫ್ ಕೆಲಸ ನಿಲ್ಲುತ್ತದೆ. ತಡವಾದರೆ ಬಡ್ಡಿ, ದಂಡ ಅವರ ತಲೆಗೆ. ಎಚ್‌ಆರ್ ವಿಭಾಗ ಅನ್ನುವುದು ಇಲ್ಲ. ಪಗಾರ, ಜಿಎಸ್‌ಟಿ, ವಿಮೆ ಎಲ್ಲಕ್ಕೂ ಒಬ್ಬರೇ. ಏಜೆಂಟ್ ಕೊಟ್ಟ ಹಾಳೆಯನ್ನು ಹಾಗೇ ಮುಂದೆ ಕಳಿಸುತ್ತಾರೆ. ಅದರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ.

ವಿಮಾ ಕಂಪನಿಗಳದೂ ಒಂದು ನ್ಯಾಯ ಇದೆ. ವಿಮೆ ನಂಬಿಕೆಯ ಮೇಲೆ ನಡೆಯುವ ಒಪ್ಪಂದ. ಕೇಳಿದ್ದನ್ನು ಮುಚ್ಚಿಟ್ಟರೆ ನಾಳೆ ಕ್ಲೇಮ್ ತಿರಸ್ಕಾರ ಆಗಬಹುದು. ಆದ್ದರಿಂದ ಏಳನೆಯ ಕಾಲಂನಲ್ಲಿ ಸುಳ್ಳು ಬರೆಯುವುದು ಪರಿಹಾರ ಅಲ್ಲವೇ ಅಲ್ಲ.

ಈ ಎರಡೂ ಮಾತನ್ನು ಒಪ್ಪಿಕೊಂಡರೂ, ಕಾಯಿಲೆಯ ವಿವರ ಮಾಲೀಕರ ಕೈಗೆ ಯಾಕೆ ಬರಬೇಕು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ವಿಮಾ ಕಂಪನಿಗೆ ಬೇಕಿದ್ದರೆ ನೌಕರರು ಅವರಿಗೇ ಕೊಡಲಿ. ಅವರ ಲಿಂಕಿನಲ್ಲಿ ತುಂಬಲಿ, ಇಲ್ಲವೇ ಮುಚ್ಚಿದ ಲಕೋಟೆಯಲ್ಲಿ ಕೊಡಲಿ. ನವೀಕರಣದ ಮಾತುಕತೆಗೆ ಮಾಲೀಕರಿಗೆ ಬೇಕಾದದ್ದು ಒಟ್ಟು ಕ್ಲೇಮ್ ಎಷ್ಟು ಅನ್ನುವುದು. ಒಂದೊಂದು ಸಾಲು ಬೇಕಿಲ್ಲ.

40 ದಾಟಿದವರ ತಪಾಸಣೆ, ವರದಿ ಯಾರಿಗೆ?

ಉಚಿತ ತಪಾಸಣೆ ಒಳ್ಳೆಯ ಸೌಲಭ್ಯ. ಶುಗರ್ ಇದೆ ಎಂದು ಗೊತ್ತಿಲ್ಲದೆ ವರ್ಷಗಟ್ಟಲೆ ದುಡಿಯುವವರು ನಮ್ಮಲ್ಲಿ ಬಹಳ. ಆದರೆ ಲ್ಯಾಬಿಗೆ ದುಡ್ಡು ಕಂಪನಿ ಕೊಡುತ್ತದೆ ಅಂತ ವರದಿಯೂ ಕಂಪನಿಗೇ ಹೋದರೆ, ಅದೇ ತಪಾಸಣೆ ವಯಸ್ಸಾದವರನ್ನು ಮನೆಗೆ ಕಳಿಸುವ ಪಟ್ಟಿಯಾಗಿಬಿಡುತ್ತದೆ.

ಇಲ್ಲಿ ಎರಡು ಸಂಗತಿ ಬೇರೆ ಮಾಡಬೇಕು. ಕ್ರೇನ್ ಓಡಿಸುವವರ ಕಣ್ಣು ಸರಿ ಇದೆಯಾ, ರಾಸಾಯನಿಕದ ನಡುವೆ ಇರುವವರ ಶ್ವಾಸಕೋಶ ಹೇಗಿದೆ ಅನ್ನುವುದು ಕೆಲಸದ ಸುರಕ್ಷತೆಗೆ ಬೇಕು. ಅಲ್ಲಿಯೂ ಮಾಲೀಕರಿಗೆ "ಈ ಕೆಲಸಕ್ಕೆ ಯೋಗ್ಯರು" ಅನ್ನುವ ಒಂದು ಸಾಲು ಸಾಕು. ರಕ್ತದ ಪೂರ್ತಿ ವರದಿ ನೌಕರರದು. ಅಪಾಯಕಾರಿ ಕೆಲಸದಲ್ಲಿರುವವರ ಆರೋಗ್ಯ ದಾಖಲೆ ಆ ಕಾರ್ಮಿಕರ ಕೈಗೆ ಸಿಗುವಂತಿರಬೇಕು ಎಂದು ಹಳೆಯ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆ ಬಿಗಿ ಇದೆ. ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಕೆಲಸಕ್ಕೆ ಅದನ್ನು ಷರತ್ತು ಮಾಡುವಂತಿಲ್ಲ.

ಋತುಚಕ್ರ ರಜೆ ತೋರಿಸಿದ ದಾರಿ

ರಾಜ್ಯದ ಆದೇಶದ ಪ್ರಕಾರ 18ರಿಂದ 52 ವರ್ಷದ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ಪಗಾರ ಸಹಿತ ರಜೆ. ಕಾಯಂ, ಗುತ್ತಿಗೆ, ಹೊರಗುತ್ತಿಗೆ ಎಲ್ಲರಿಗೂ. ಇದನ್ನು ಪ್ರಶ್ನಿಸಿ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಗಿತ್ತು, ಆ ವಾದ ಬೇರೆ. ಇಲ್ಲಿ ಗಮನಿಸಬೇಕಾದದ್ದು ಒಂದು ಸಾಲು: ವೈದ್ಯರ ಸರ್ಟಿಫಿಕೇಟ್ ಬೇಕಿಲ್ಲ. ಸೌಲಭ್ಯ ಬರೆಯುವಾಗಲೇ ಪುರಾವೆ ಕೇಳುವ ಬಾಗಿಲು ಮುಚ್ಚಿದ್ದಾರೆ.

ಪೂರ್ತಿ ಮುಚ್ಚಿಲ್ಲ ಅನ್ನಿ. ಹಾಜರಿ ಪುಸ್ತಕದಲ್ಲಿ ಆ ರಜೆಗೆ ಬೇರೆಯೇ ಅಕ್ಷರ ಹಾಕಿದರೆ, ಇಡೀ ಶೆಡ್ಡಿಗೆ ಸುದ್ದಿ ತಿಳಿಯುತ್ತದೆ. ಅದಕ್ಕೆ ಹೆದರಿ ರಜೆ ಬಿಡುವವರು ಇರುತ್ತಾರೆ. ಎಲ್ಲರ ಕಣ್ಣಿಗೆ ಬೀಳುವ ಪುಸ್ತಕದಲ್ಲಿ ಬರೀ "ರಜೆ" ಅಂತ ಬರೆದು, ಯಾವ ರಜೆ ಅನ್ನುವುದನ್ನು ಪಗಾರ ಲೆಕ್ಕ ಮಾಡುವವರ ಹತ್ತಿರ ಮಾತ್ರ ಇಡಬಹುದು.

ನವೀಕರಣದ ಮುಂಚೆ

ಈಗಲೇ ಮಾಡಬಹುದಾದ ಕೆಲಸಗಳಿವೆ, ಯಾವುದಕ್ಕೂ ಖರ್ಚಿಲ್ಲ. ನೌಕರರು ಯುಎಎನ್‌ಗೆ ಜೋಡಿಸಿದ ಮೊಬೈಲ್ ತಮ್ಮದೇನಾ ಎಂದು ನೋಡಿಕೊಳ್ಳಬಹುದು. ಬದಲಾಗಿದ್ದರೆ ಹುಬ್ಬಳ್ಳಿ ನವನಗರದ ಪಿಎಫ್ ಕಚೇರಿಯಲ್ಲಿ ಕೇಳಬಹುದು. ಗುರುತಿಗೆ ಅಂತ ಬರೀ ಪ್ರತಿ ಕೇಳಿದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದು. ವಿಮೆಗೂ ಪಿಎಫ್‌ಗೂ ಬೇಡದ ಜಾತಿಯ ಕಾಲಂ ಇದ್ದರೆ ಇದು ಯಾಕೆ ಎಂದು ಕೇಳಬಹುದು. ಒಬ್ಬರೇ ಕೇಳಿದರೆ ಹೆಸರು ಕೆಡುತ್ತದೆ. ಹತ್ತು ಜನ ಸೇರಿ ಕೇಳಿದರೆ ಅದು ಪ್ರಶ್ನೆ ಆಗಿ ಉಳಿಯುತ್ತದೆ.

ಮಾಲೀಕರಿಗೆ ಇನ್ನೂ ಸುಲಭ. ಗುಂಪು ವಿಮೆಯ ಪಾಲಿಸಿಗಳಲ್ಲಿ ಅನೇಕವು ಮೊದಲೇ ಇರುವ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಕೊಡುತ್ತವೆ. ಹಾಗಿದ್ದಾಗ ಕಾಯಿಲೆ ಕೇಳುವ ಅಗತ್ಯ ವಿಮಾ ಕಂಪನಿಗೂ ಕಡಿಮೆ. ಹಳೆಯ ಹಾಳೆಯನ್ನೇ ವರ್ಷವರ್ಷ ನಕಲು ಮಾಡುವುದರಿಂದ ಆ ಕಾಲಂ ಉಳಿದುಕೊಂಡಿರಬಹುದು. ನವೀಕರಣಕ್ಕೆ ಮುಂಚೆ ಪಾಲಿಸಿಯ ಆ ಒಂದು ಪುಟ ತೆಗೆದು ಓದಬೇಕು. ಮೊದಲ ದಿನದಿಂದ ಅಂತ ಬರೆದಿದ್ದರೆ, ಏಜೆಂಟರಿಗೆ ಒಂದು ಫೋನ್ ಮಾಡಿ ಖಚಿತ ಮಾಡಿಕೊಂಡು, ಏಳನೆಯ ಕಾಲಂ ಅಳಿಸಿದ ಮೇಲೆ ಹಾಳೆ ಕಳಿಸಿದರಾಯಿತು. ಗ್ರೂಪಿಗೆ ಬೇಡ, ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ.